ಮುದುಕಪ್ಪ ಊರಿಗೆ ಅನುದಾನ ತಂದ ಕತಿ

ಹೂಂ ಅನ್ನವ್ರು ಮುಂದ ಕುಂದರ್ರಿ, ತೂಕಡಸವ್ರು ಎದ್ದು ಮನೀಗೆ ಹೋಗ್ರಿ. ನಡುವ ಯಾರರೆ "ಹಿಂಗೂ ಮಂದಿ ಇರ್ತಾರೇನಜ್ಜಾ?" ಅಂದ್ರೋ, ಕತಿ ಅಲ್ಲಿಗೇ ಬಿಡ್ತೀನಿ. ಇರ್ತಾರ. ನಾ ಕಂಡೀನಿ.

ಕರಿಗೋನಾಳ ಅಂತ ಒಂದೂರು. ಆ ಊರಾಗ ಹೊಳೆವ್ವ ಅಂತ ಒಬ್ಬಾಕಿ. ಆಕಿಗೆ ಒಬ್ಬನೇ ಮಗ. ಹೆಸರು ಮುದುಕಪ್ಪ, ವಯಸ್ಸು ಇಪ್ಪತ್ತೆರಡು, ಬುದ್ಧಿ ಇನ್ನಾ ತೊಟ್ಟಿಲದಾಗ. ಹೇಳಿದ ಮಾತು ಮೀರವಲ್ಲ. ಅದೇ ಪೀಡಾ! ಹೇಳಿದ್ದನ್ನ ಹೇಳಿದಂಗ ಮಾಡವ. "ದೇವರೇ, ಮಾತು ಕೇಳೂ ಮಗನ್ನ ಕೊಡು ಅಂತ ಬೇಡಿದ್ದೆ, ಕೊಟ್ಟಿ. ಇನ್ನ ಸಾಕು ಮಾಡು!" ಅಂತ ಹೊಳೆವ್ವ ದಿನಾ ಹಣಿ ಬಡಕೊಳ್ಳಾಕಿ.

ಊರ ಮ್ಯಾಲೆ ಗುಡ್ಡ. ಗುಡ್ಡಕ್ಕ ಬಿದ್ದ ಮಳಿ ಎಲ್ಲಾ ಹಳ್ಳ ಹಿಡದು ಓಡೂದು, ಓಡೂವಾಗ ಹೊಲದ ಮಣ್ಣೂ ಹೊತ್ತಗೊಂಡು ಹೋಗೂದು. ಶಿವರಾತ್ರಿ ಬರೂದ್ರಾಗ ಬೋರು ಬತ್ತೂದು. ಅದಕ್ಕ ಹೊಳೆವ್ವನ ಮಹಿಳಾ ಸಂಘದವ್ರು ಜಲಾನಯನದ ಅನುದಾನ ಕೇಳೂದಂತ ಮಾಡಿದ್ರು. ಅನುದಾನ ಬಂದ್ರ ಗುಡ್ಡದ ತುಂಬ ಬದು, ಇಂಗುಗುಂಡಿ, ಗಿಡಾ. ಮಳಿ ನೀರು ಊರ ನೆಲಕ್ಕೇ ಇಳೀತೈತಿ. ಬರದಿದ್ರ, ಎರಡು ಮೈಲಿ ಕೊಡ ಹೊರೂದು ತಪ್ಪಂಗಿಲ್ಲ. ಷರತ್ತೊಂದಿತ್ತು. ಮೊದಲ ಒಂದು ಗುಂಡಿ ನಿಮ್ಮ ಕೈಲೆ ತೋಡ್ರಿ, ಸಾಹೇಬ್ರು ಬಂದು ನೋಡತಾರ, ಬರೋಬರಿ ಇದ್ರ ಸಹಿ, ಇಲ್ಲಂದ್ರ ಅನುದಾನ ಬ್ಯಾರೆ ಊರಿಗೆ.

ಹೊಳೆವ್ವ ಮಗನ್ನ ಕರದಳು. "ಈ ಅರ್ಜಿ ಸಾಹೇಬ್ರ ಕೈಯಾಗ ಕೊಡು. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ!"

"ಹೂಂ ಯವ್ವಾ!"

ಹ್ವಾದ. ಕಚೇರ್ಯಾಗ ಸಾಹೇಬ್ರು ಊಟಕ್ಕ ಕುಂತಿದ್ರು. ಗುಮಾಸ್ತ, "ಇಲ್ಲಿ ಕೊಡಪಾ" ಅಂದ. ಕೊಡ್ಲಿಲ್ಲ. "ಟೇಬಲ್ ಮ್ಯಾಲರೆ ಇಡಪಾ" ಅಂದ. ಇಡ್ಲಿಲ್ಲ. ಸಾಹೇಬ್ರ ಬಲಗೈ ಹಿಡದು, ಅನ್ನ ಸಾರಿನ ತುತ್ತಿನ ಮ್ಯಾಲೇ ಅರ್ಜಿ ಒತ್ತಿ ಬಂದ! "ಹೊಸಾದು ಬರದು ತರ್ರಿ" ಅಂತ ಗುಮಾಸ್ತ ಹೇಳಿ ಕಳಿಸಿದ. ಮರುದಿನ ಹೊಳೆವ್ವ ತಾನ ಹೋಗಿ, ಕೈಮುಗದು ಕೊಟ್ಟು ಬಂದಳು.

"ಅಯ್ಯ ಖೋಡಿ! ಟೇಬಲ್ ಮ್ಯಾಲೆ ಇಟ್ಟು, ಹಾರಿ ಹೋಗದಂಗ ಮ್ಯಾಲೊಂದು ಕಲ್ಲು ಹೇರಿ ಬರಬೇಕೋ!"

"ಹಂಗ ಆಗ್ಲಿ ಯವ್ವಾ, ಮುಂದಿನ ಸರ್ತಿ!"

ಮುಂದಿನ ಸರ್ತಿ ಬಂತು. ಗುಂಡಿ ಸುತ್ತ ಹಚ್ಚಾಕ ಹೊಂಗಿ ಸಸಿ ಬೇಕಾಗಿದ್ವು. "ನರ್ಸರಿಗೆ ಹೋಗಿ ಇಪ್ಪತ್ತು ಸಸಿ ತಾ" ಅಂದಳು. ತಂದ. ತಂದವ್ನ ಸೀದಾ ಸಾಲಿಗೆ ಹ್ವಾದ, ಮಾಸ್ತರ ಟೇಬಲ್ ಮ್ಯಾಲೆ ಇಪ್ಪತ್ತೂ ಮಲಗಿಸಿದ, ಒಂದೊಂದರ ಮ್ಯಾಲೆ ಒಂದೊಂದು ಕಲ್ಲು ಹೇರಿದ. ಸಸಿ ಹಪ್ಪಳ ಆದ್ವು.

"ಒಂದೂ ಹಾರಿಲ್ಲ ನೋಡು ಯವ್ವಾ!"

"ನಿನ್ನ ಬುದ್ಧಿಗೆ ಬೆಂಕಿ ಹಾಕ್ಲಿ! ತಂದ ಕೂಡ್ಲೇ ಕುಣಿ ತೋಡಿ, ಮಣ್ಣು ಮುಚ್ಚಿ, ಎರಡು ಕೊಡ ನೀರು ಹಾಕಬೇಕೋ!"

"ಹಂಗ ಆಗ್ಲಿ ಯವ್ವಾ, ಮುಂದಿನ ಸರ್ತಿ!"

ಆಮ್ಯಾಲೆ ಸಂಘದ ಠರಾವು ಪುಸ್ತಕಕ್ಕ ಪಂಚಾಯತಿ ಮೊಹರಿನ ಸಿಕ್ಕಾ ಬೇಕಾತು. ಹೆಣ್ಣುಮಕ್ಕಳೆಲ್ಲಾ ಸಹಿ ಮಾಡಿದ, ಹೆಬ್ಬೆಟ್ಟು ಒತ್ತಿದ ಪುಸ್ತಕ ಅದು. "ಸಿಕ್ಕಾ ಹೊಡಿಸಿ ತಾ" ಅಂದಳು. ಹೊಡಿಸಿ ತಂದ. ಸಂಜೀಕ ಹೊಳೆವ್ವ ಕೇಳಿದಳು, "ಪುಸ್ತಕ ಎಲ್ಲೋ?"

"ಹಿತ್ತಲದಾಗ ನೆಟ್ಟೀನಿ! ಎರಡು ಕೊಡ ನೀರೂ ಹಾಕೀನಿ. ಎಂಟು ದಿನದಾಗ ಚಿಗೀತೈತಿ!"

ಹೊಳೆವ್ವ ಉಟ್ಟ ಸೀರಿಯಾಗ ಓಡಿದಳು. ಕೈಲೇ ಕೆದರಿ ತೆಗದಳು. ಸಹಿ ಎಲ್ಲಾ ತೊಳಕೊಂಡು ಹೋಗಿದ್ವು, ಹೆಬ್ಬೆಟ್ಟು ಮಾತ್ರ ಉಳದಿದ್ವು. ಸಾಲಿ ಕಲಿಯದವ್ರ ಪುಣ್ಯಾ!

"ಹೊತ್ತು ತಂದ ನೀರು ಪುಸ್ತಕಕ್ಕ ಸುರದ್ಯಲ್ಲೋ! ಇನ್ನ ನೀ ಏನೂ ಒಯ್ಯಬ್ಯಾಡ, ಏನೂ ತರಬ್ಯಾಡ! ಗುಡ್ಡಕ್ಕ ಹೋಗಿ ಗುಂಡಿ ಹತ್ರ ಕುಂದ್ರು. ಮ್ಯಾಲಿಂದ ಏನು ಓಡಿ ಬಂದ್ರೂ ಮೊದಲ ನಡಸಬೇಕು. ನಡದದ್ದನ್ನ ನಿಂದರಸಬೇಕು. ನಿಂತದ್ದನ್ನ ಗುಂಡಿಗೆ ಬಿಟ್ಟು ಇಂಗಸಬೇಕು. ತರಬೇತಿಯೊಳಗ ನಮಗ ಕಲಿಸಿದ ಮಾತಿದು. ತಿಳೀತಿಲ್ಲೋ?"

"ತಿಳೀತು! ಓಡಿದ್ದು ನಡೀಬೇಕು, ನಡದದ್ದು ನಿಂದರಬೇಕು, ನಿಂತದ್ದು ಇಂಗಬೇಕು!"

ಮಗ ಒಂದು ಮಾತು ತಪ್ಪದ ಒಪ್ಪಿಸಿದ್ದು ಅದೇ ಮೊದಲು. ಹೊಳೆವ್ವಗ ಖರೇನ ಸಂತೋಷ ಆತು.

ಮುದುಕಪ್ಪ ಗುಂಡಿ ದಂಡಿ ಮ್ಯಾಲೆ ಕುಂತ. ಸಂಘದ ಹೆಣ್ಣುಮಕ್ಕಳು ತಿಂಗಳಾನುಗಟ್ಟಲೆ ಅಗದ ಗುಂಡಿ, ಆಳುದ್ದ ಇತ್ತು. ಮಳಿ ಬರ್ಲಿಲ್ಲ. ಸಾಹೇಬ್ರು ಬಂದ್ರು! ಜೀಪು ಗುಡ್ಡದ ನೆತ್ತಿ ಮ್ಯಾಲಿನ ದಾರೀಲೆ ಬಂದು ನಿಂತಿತು. ಸಾಹೇಬ್ರು ದಪ್ಪ ಆಳು, ಕೆಳಗ ಇಳಿಜಾರು, ಕಾಲಡಿ ಗರಸು. ನಿಂದರತೀನಿ ಅಂದ್ರೂ ಕಾಲು ಕೇಳಲಿಲ್ಲ, ದಡದಡ ಓಡಕೋತ ಬಂದ್ರು.

"ಓಡಿದ್ದು ನಡೀಬೇಕು!" ಅಂದ ಮುದುಕಪ್ಪ. ಹಿಂದಿನಿಂದ ಬೆಲ್ಟು ಹಿಡದ. ಸಾಹೇಬ್ರು ನಡದ್ರು.

"ಪುಣ್ಯಾತ್ಮ, ಬೀಳೂದು ತಪ್ಪಿಸಿದಿ!" ಅಂದ್ರು.

"ನಡದದ್ದು ನಿಂದರಬೇಕು!" ಮುಂದ ಬಂದು ಕೈ ಅಡ್ಡ ಚಾಚಿದ. ಸಾಹೇಬ್ರು ನಿಂತ್ರು.

"ಏನೋ ತಮ್ಮಾ?"

"ನಿಂತದ್ದು ಇಂಗಬೇಕು!" ಅಂದವ್ನ ಸಾಹೇಬ್ರನ್ನ ಟೊಂಕಕ್ಕ ಹಿಡದು ಎತ್ತಿ, ಮೆಲ್ಲಕ ಗುಂಡಿಯೊಳಗ ಇಳಿಸಿದ!

ಗುಂಡಿಯೊಳಗಿಂದ ಚೀರಾಟ. ಹೆಣ್ಣುಮಕ್ಕಳೆಲ್ಲಾ ಓಡಿ ಬಂದ್ರು. ಹೊಳೆವ್ವ ಹಣಿ ಬಡಕೊಂಡಳು. "ಹ್ವಾತು! ಅನುದಾನ ಹ್ವಾತು! ಊರ ಮಂದಿಗೆ ಹೆಂಗ ಮಾರಿ ತೋರಸಲಿ? ತಪ್ಪಾತ್ರೀ ಸಾಹೇಬ್ರ, ಇವ ಹುಟ್ಟಾ ಪೆದ್ದ!"

ಕೆಳಗ ಚೀರಾಟ ನಿಂತಿತು. ಸಾಹೇಬ್ರು ಕಿಸೆದಾಗಿನ ಟೇಪು ತೆಗದ್ರು. ಉದ್ದ ಹಿಡದ್ರು, ಅಗಲ ಹಿಡದ್ರು, ಆಳ ಹಿಡದ್ರು. ಆಮ್ಯಾಲೆ ನಗಾಕ ಹತ್ತಿದ್ರು.

"ಏನವ್ವಾ, ಹನ್ನೊಂದು ಊರು ತಿರುಗೀನಿ. ಕಾಗದದಾಗ ಎಲ್ಲಾ ಆಳುದ್ದ, ಇಳದ್ರ ಮೊಣಕಾಲೂ ಮುಳುಗಂಗಿಲ್ಲ. ಇಲ್ಲಿ ನಾನೇ ಮುಳುಗೀನಿ! ತಾ ಆ ಅನುದಾನದ ಕಾಗದ!"

ಗುಂಡಿ ಗ್ವಾಡಿಗೆ ಕಾಗದ ಹಚ್ಚಿ ಸಹಿ ಹಾಕಿದ್ರು, ಕೈ ಎತ್ತಿ ಮ್ಯಾಲೆ ಕೊಟ್ರು. ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ರು. ಹೊಳೆವ್ವ ಕಾಗದ ಮಡಚಿ ಕುಬಸದಾಗ ಇಟ್ಟಗೊಂಡಳು, ಕಣ್ಣು ಒರಸಿಕೊಂಡಳು. ಅಷ್ಟೊತ್ತಿಗೆ ನೆನಪಾತು.

"ಲೇ ಮುದುಕಪ್ಪಾ! ಸಾಹೇಬ್ರು ಇನ್ನಾ ಗುಂಡ್ಯಾಗ ಅದಾರ! ಎಲ್ಲಿ ಹಾಳಾಗಿ ಹೋಗೀಯೋ?"

"ಬಂದೆ ಯವ್ವಾ, ಬಂದೆ!" ತಲಿ ಮ್ಯಾಲೆ ಮನಿಯಾಗಿನ ತುಂಬಿದ ಕೊಡ ಹೊತ್ತು, ಏದುಸಿರು ಬಿಡಕೋತ ಬಂದ. "ಆವಾಗಿನಿಂದ ಕಾಯಾಕ ಹತ್ತೀನಿ, ಒಂದು ಬೆರಳೂ ಇಂಗಿಲ್ಲ. ಒಣಾ ಇದ್ದದ್ದು ಹೆಂಗ ಇಂಗತೈತಿ? ಸರಿ ಅತ್ತಾಗ!"

ಅಂದವ್ನ ಕೊಡಾ ಬೋರಲ ಹಾಕಿದ!