ನೂರ ಹದಿನಾಲ್ಕನೆಯ ಕೇಂದ್ರ

ಹೊಳೆದಂಡೆಯ ಗುಡ್ಡದ ಮೇಲೊಂದು ಪುಟ್ಟ ಆಶ್ರಮ. ಗುರು ಶಾಂತವೀರಯ್ಯನವರಿಗೆ ಆಗ ಇದ್ದದ್ದು ಒಬ್ಬನೇ ಶಿಷ್ಯ, ಹಾಲಪ್ಪ.

ಹಾಲಪ್ಪನಿಗೆ ಒಂದು ಹುಚ್ಚಿತ್ತು. ಸಣ್ಣಪುಟ್ಟ ಊರುಗಳಲ್ಲಿ ಜನ ತಾವೇ ನಡೆಸುವ ಎಫ್‌ಎಂ ರೇಡಿಯೊ ಕೇಂದ್ರಗಳಿರುತ್ತವಲ್ಲ, ಸುತ್ತಲಿನ ನಾಲ್ಕು ಹಳ್ಳಿ ದಾಟಿದರೆ ಅವು ಯಾರಿಗೂ ಕೇಳಿಸುವುದಿಲ್ಲ. ಆದರೆ ಹೊಳೆಯ ಮೇಲೆ ಮಂಜು ಕೂತ ಕೆಲವು ಬೆಳಗುಗಳಲ್ಲಿ, ಗಾಳಿ ಅಲುಗದಿದ್ದರೆ, ಆ ಬಡ ದನಿಗಳು ಇನ್ನೂರು ಮುನ್ನೂರು ಕಿಲೋಮೀಟರ್ ದಾಟಿ ಬಂದುಬಿಡುತ್ತವೆ. ಅದಕ್ಕೇ ಹಾಲಪ್ಪ ಕಿವಿಗೆ ರೇಡಿಯೊ ಒತ್ತಿಕೊಂಡು ಗುಡ್ಡದ ಬಂಡೆಯ ಮೇಲೆ ಕಾದು ಕೂರುತ್ತಿದ್ದ.

ಕೇಂದ್ರದ ಹೆಸರು ಕಿವಿಗೆ ಬಿತ್ತೋ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ರೇಡಿಯೊದ ಮುಳ್ಳನ್ನು ಮುಂದಿನ ಕೇಂದ್ರಕ್ಕೆ ತಿರುಗಿಸುತ್ತಿದ್ದ. ಆಮೇಲೆ ಆ ಕೇಂದ್ರಕ್ಕೊಂದು ಪತ್ರ: ಇಂಥ ದಿನ, ಇಷ್ಟು ಹೊತ್ತಿಗೆ, ಇಷ್ಟು ದೂರದಲ್ಲಿ ನೀವು ನನಗೆ ಸಿಕ್ಕಿರಿ. ಹೌದು, ಅದು ನಾವೇ ಎಂದು ಅವರು ಒಂದು ಕಾರ್ಡು ಕಳಿಸುತ್ತಿದ್ದರು. ಅವನ ಕೋಣೆಯ ಗೋಡೆಯ ತುಂಬ ಅಂಥ ನೂರ ಹದಿಮೂರು ಕಾರ್ಡುಗಳಿದ್ದವು.

ಧ್ಯಾನ ಬಿಟ್ಟು ಇದೆಂಥ ಸಾಧನೆ ಎಂದು ಬಂದ ಭಕ್ತರು ಗೊಣಗುತ್ತಿದ್ದರು. ದೂರದ್ದು ಕೇಳುವವನಿಗೆ ಹತ್ತಿರದ್ದೂ ಒಂದು ದಿನ ಕೇಳೀತು ಬಿಡಿ, ಎನ್ನುತ್ತಿದ್ದರು ಗುರುಗಳು. ಆದರೆ ಹಾಲಪ್ಪ ಬಂಡೆಯಿಂದ ಇಳಿದು ಬಂದಾಗಲೆಲ್ಲ, ಅವತ್ತು ಸಿಕ್ಕ ದನಿಯವರ ಬಗ್ಗೆ ಗುರುಗಳದು ಒಂದೇ ಪ್ರಶ್ನೆ:

"ಅವರ ಮನೇಲಿ ಇವತ್ತು ಏನು ಅಡುಗೆಯಂತೆ?"

ಗುರುಗಳು ತಮಾಷೆ ಮಾಡುತ್ತಾರೆಂದು ಹಾಲಪ್ಪ ನಕ್ಕು ಸುಮ್ಮನಾಗುತ್ತಿದ್ದ.

ಪುಷ್ಯ ಮಾಸದ ಒಂದು ಬೆಳಗ್ಗೆ ಕಡಲತಡಿಯ ಊರೊಂದರ ಕೇಂದ್ರ ಸಿಕ್ಕಿತು. ಹೆಂಗಸಿನ ದನಿ. ಕೇಂದ್ರದ ಹೆಸರು ಹೇಳಿ ಆಕೆ ಮಾತು ಮುಂದುವರಿಸಿದಳು. ಮಂಜು ಕರಗುವ ಮೊದಲು ಇನ್ನೊಂದು ಸಿಕ್ಕೀತೆಂಬ ಆಸೆಗೆ ಹಾಲಪ್ಪ ಮುಳ್ಳು ತಿರುಗಿಸಿದ. ನೂರ ಹದಿನಾಲ್ಕು ಎಂದು ಹಿಗ್ಗಿ ಪತ್ರ ಹಾಕಿದ.

ಈ ಸಲ ಕಾರ್ಡು ಬರಲಿಲ್ಲ. ಒಂದು ಕಾಗದ ಬಂತು. ಬರೆದವರು ವಾಸು ಮೊಗೇರ, ಆ ದನಿಯ ಒಡತಿ ದೇವಕಿಯ ಗಂಡ.

ಕೇಂದ್ರ ಕೆಟ್ಟು ಎರಡು ವಾರವಾಗಿತ್ತಂತೆ. ಅವತ್ತು ರಿಪೇರಿಯವನು ಕಂಬ ಹತ್ತಿದ್ದ. ದನಿ ಹೋಗುತ್ತದೋ ಇಲ್ಲವೋ ನೋಡಲು ದೇವಕಿ ಒಬ್ಬಳೇ ಮೈಕಿನ ಮುಂದೆ ಕೂತು ಹತ್ತು ನಿಮಿಷ ಮಾತಾಡಿದಳು. ಕೇಂದ್ರ ಸರಿಹೋದದ್ದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ರೇಡಿಯೊ ಹಾಕಿರಲಿಲ್ಲ. ಮಧ್ಯಾಹ್ನ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಬೆಳಗಿನ ಒಲೆ ವಾಸು ಅವರ ಪಾಲಿನದು, ಅವರಿಗೋ ಮರೆವು ಹೆಚ್ಚು. ಹಾಗಾಗಿ ದೇವಕಿ ದಿನಾ ಕಾರ್ಯಕ್ರಮ ಮುಗಿಸುವಾಗ ರೇಡಿಯೊದಲ್ಲೇ ಗಂಡನಿಗೊಂದು ಮಾತು ಹೇಳುತ್ತಿದ್ದಳು: "ಹ್ವಾಯ್, ಗಂಜಿಗೆ ಉಪ್ಪ್ ಹಾಕುಕೆ ಮರಿಬೇಡಿ." ಊರೆಲ್ಲ ನಗುತ್ತಿತ್ತು. ಆದರೆ ಆ ವಾರ ಗಂಡಹೆಂಡಿರು ಏನಕ್ಕೋ ಜಗಳವಾಡಿ ಮಾತು ಬಿಟ್ಟಿದ್ದರು. ಅವತ್ತು ಅವಳು ಆ ಮಾತು ಹೇಳಿದಳೋ ಇಲ್ಲವೋ, ಅಷ್ಟು ತಿಳಿಸಿ. ಅವಳನ್ನು ಕೇಳಿದವರು ನೀವೊಬ್ಬರೇ, ಎಂದು ಕಾಗದ ಮುಗಿದಿತ್ತು.

ಹಾಲಪ್ಪ ನೋಟ್‌ಬುಕ್ ತೆಗೆದು ನೋಡಿದ. ಬೆಳಗ್ಗೆ ಆರು ಹನ್ನೆರಡು. ಹೆಂಗಸಿನ ದನಿ. ಸ್ಪಷ್ಟ. ಅಷ್ಟೇ ಇತ್ತು.

ಗೋಡೆಯ ಮುಂದೆ ನಿಂತು ಒಂದೊಂದೇ ಕಾರ್ಡು ನೋಡಿದ. ಇವರು ಏನು ಹೇಳುತ್ತಿದ್ದರು? ಇವರು? ಒಬ್ಬರದೂ ನೆನಪಾಗಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕಾಗದ ಹಿಡಿದು ಗುರುಗಳ ಬಳಿ ಹೋದ.

"ಹೇಳಿದರು ಅಂತ ಬರೆದುಬಿಡಲಾ ಗುರುಗಳೇ? ಆ ಜೀವಕ್ಕೆ ಸಮಾಧಾನ ಆಗ್ತದೆ."

"ಆಗ್ತದೆ. ಆದರೆ ಅದು ಕಾಗದದಲ್ಲಿ ಹೇಳೋ ಮಾತಲ್ಲ. ಹೋಗಿ ಎದುರಿಗೆ ಕೂತು ಹೇಳು."

ಹಾಲಪ್ಪ ಎರಡು ಬಸ್ಸು ಬದಲಿಸಿ ಹೋದ. ಮೂರನೆಯ ದಿನ ಸಂಜೆ ಮರಳಿ ಬಂದು ಗುರುಗಳ ಎದುರು ಕೂತ.

"ಹೇಳಿದೆಯಾ?"

"ಆಗಲಿಲ್ಲ. ಅವರ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಹೆಸರು ಸಿಕ್ಕಿದ ಕೂಡಲೆ ಮುಳ್ಳು ತಿರುಗಿಸಿದೆ, ಆಮೇಲೆ ಏನಂದರೋ ನನಗೆ ಗೊತ್ತಿಲ್ಲ ಅಂದೆ."

 ವಾಸು ಬೈಯಲಿಲ್ಲವಂತೆ, ಅಳಲೂ ಇಲ್ಲ. ಅಷ್ಟು ದೂರದಿಂದ ಬಂದವರು ಹಸಿದು ಹೋಗಬಾರದು ಎಂದು ಎದ್ದು ಒಲೆ ಹಚ್ಚಿದರಂತೆ.

ಗುರುಗಳು ತಮ್ಮ ಎಂದಿನ ಪ್ರಶ್ನೆ ಕೇಳಿದರು. ಈ ಸಲ ಹಾಲಪ್ಪ ನಗಲಿಲ್ಲ.

"ಅವರ ಮನೇಲಿ ಏನು ಅಡುಗೆ?"

"ಗಂಜಿ. ಉಪ್ಪು ಹಾಕೋದು ಮರೆತಿದ್ದರು." "ಹೇಳಿದರೆ ಎಲ್ಲಿ ನೊಂದುಕೊಳ್ತಾರೋ ಅಂತ ಸುಮ್ಮನೆ ಉಂಡು ಬಂದೆ, ಗುರುಗಳೇ."

ಶಾಂತವೀರಯ್ಯನವರು ಹೇಳಿದರು:

"ಹೇಳಬೇಕಿತ್ತಪ್ಪ. ಅದನ್ನ ಹೇಳೋಕೆ ಅವರಿಗೆ ಇನ್ಯಾರಿದ್ದಾರೆ?"