ಗಂಡನ ಹೆಸರು ಹೇಳದ ಪಾಲವ್ವ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ನವಿಲುಗುಡ್ಡ ಕರಡಿಗುಡ್ಡ ಅಂತ ಎರಡು ಗುಡ್ಡ ಎದುರುಬದುರು ಇದ್ದವಂತೆ ಕೂಸೇ. ಒಂದೊಂದರ ಮೇಲೂ ಒಂದೊಂದು ಕಲ್ಲುಕೋಟೆ, ಕೋಟೆಗೊಬ್ಬ ನಾಯಕ, ನಡುವೆ ಹಳ್ಳದ ಬಯಲು. ಯಾವತ್ತೋ ಒಂದು ಕಾಡುಹಂದಿಗೆ ಎರಡೂ ಕಡೆಯವರ ಈಟಿ ಒಟ್ಟಿಗೆ ನಾಟಿ, ಹಂದಿ ನಮ್ಮದು, ಅಲ್ಲ ನಮ್ಮದು ಅಂತ ಶುರುವಾದ ಜಗಳ ಮೂರು ತಲೆಮಾರು ನಡೀತಂತೆ. ಹಂದಿಯನ್ನ ಯಾರು ತಿಂದರೋ ಒಬ್ಬರಿಗೂ ನೆನಪಿಲ್ಲ, ಸತ್ತವರ ಹೆಸರು ಮಾತ್ರ ಎಲ್ಲರಿಗೂ ಬಾಯಿಪಾಠ.

ಆಮೇಲೆ ಒಂದು ಸಲ ಒಂದೇ ದಿನ ಎರಡೂ ಗುಡ್ಡದಲ್ಲಿ ಒಂದೊಂದು ಹೆಣ ಬಿತ್ತಂತೆ. ಸಾಕಾಗಿಹೋಗಿ ಎರಡೂ ಕೋಟೆಯ ಹೆಂಗಸರು ಒಲೆ ಹಚ್ಚೋದೇ ಬಿಟ್ಟುಬಿಟ್ಟರಂತೆ. ಗಂಡಸರು ಮೊದಲನೇ ದಿನ ಗದರಿದರು, ಎರಡನೇ ದಿನ ಗೋಗರೆದರು, ಮೂರನೇ ದಿನ ಹೊಟ್ಟೆ ಹಿಡ್ಕೊಂಡು ಬಯಲಿಗೆ ಬಂದು ಕೂತು, ಹೆಣ್ಣು ಕೊಟ್ಟು ಸಂಬಂಧ ಬೆಳೆಸಿ ಹಗೆ ಮುಗಿಸೋಣ ಅಂತ ವೀಳ್ಯ ಬದಲಾಯಿಸಿಕೊಂಡರಂತೆ. ಅದರ ಜೊತೆಗೇ ಒಂದು ಕಟ್ಟು ಮಾಡಿದರು, ಹೇಳದೆ ಕೇಳದೆ ಒಬ್ಬರ ಗುಡ್ಡ ಇನ್ನೊಬ್ಬರು ಹತ್ತಿದರೆ ಹತ್ತಿದವನ ಜೀವ ಅವನದಲ್ಲ ಅಂತ.

ಕೊಡೋ ಹೆಣ್ಣು ನವಿಲುಗುಡ್ಡದ ನಾಯಕನ ಮಗಳು ಪಾಲವ್ವ. ಗಂಡು ಕರಡಿಗುಡ್ಡದ ಸೂರನಾಯಕ. ಈ ಸೂರನ ತಾತನೂ ಸೂರನೇ. ಆ ತಾತನೇ ಪಾಲವ್ವನ ತಾತನನ್ನ ಕೊಂದದ್ದು. ಅದಕ್ಕೇ ಅವಳ ತವರಲ್ಲಿ ಹಾಲು ಉಕ್ಕಿ ಚೆಲ್ಲಿದರೂ ಆ ಸೂರನ ಬಾಯಿಗೆ ಮಣ್ಣು ಬೀಳ ಅಂತಿದ್ದರಂತೆ, ಕಾಲಿಗೆ ಮುಳ್ಳು ಚುಚ್ಚಿದರೂ ಆ ಸೂರನ ಮನೆ ಹಾಳಾಗ ಅಂತಿದ್ದರಂತೆ. ಆ ಹೆಸರನ್ನ ಪಾಲವ್ವ ಬೈಗುಳವಾಗಿ ಬಿಟ್ಟು ಬೇರೆ ಥರ ಕೇಳಿದವಳೇ ಅಲ್ಲ. ಅವಳ ಅಣ್ಣ ಬೊಮ್ಮನಿಗಂತೂ ಈ ಸಂಬಂಧ ಒಂಚೂರೂ ಬೇಡ. ನಿನ್ನ ಕೊಟ್ಟದ್ದು ಅಪ್ಪ, ನಾನಲ್ಲ ಕಣೇ ಅಂದವನು ಮದುವೆಗೂ ಬರಲಿಲ್ಲವಂತೆ.

ಮದುವೆ ಆಯ್ತು. ಗಂಡನ ಮನೆ ಹೊಸ್ತಿಲಿಗೆ ಬಂದರೆ ನಾದಿನಿಯರು ಕೈ ಅಡ್ಡ ಹಿಡಿದು, ಗಂಡನ ಹೆಸರು ಹೇಳು, ಒಳಗೆ ಬಾ ಅಂದರಂತೆ. ಹೆಂಡತಿ ಆದವಳು ಗಂಡನ ಹೆಸರು ಎತ್ತೋ ಹಾಗಿಲ್ಲ, ಇಂಥಾ ಶಾಸ್ತ್ರದಲ್ಲಿ ಮಾತ್ರ ಹೇಳಬೇಕು, ಅದೇ ಒಂದು ಚೆಂದ. ಪಾಲವ್ವ ಬಾಯಿ ತೆಗೆದಳು. ನಾಲಿಗೆ ತುದಿಗೆ ಬೈಗುಳವೇ ಬಂತು. ಗಟ್ಟಿಯಾಗಿ ತುಟಿ ಮುಚ್ಚಿಕೊಂಡಳು. ಬಿಸಿಲಿಗೆ ಚಪ್ಪಡಿ ಕಾದು ಅಂಗಾಲು ಸುಡ್ತಾ ಇದೆ, ಮಂದಿಯೆಲ್ಲ ಗುಸುಗುಸು, ನವಿಲುಗುಡ್ಡದ ಸೊಕ್ಕು ನೋಡ್ರೇ ಅಂತ. ಆಗ ಸೂರನಾಯಕ ಅವಳ ಮುಖ ನೋಡಿದ, ನೋಡಿ ಏನು ತಿಳೀತೋ ಏನೋ, ನನಗೂ ಒಳಗೆ ಸೆಕೆ, ನಾವಿಬ್ಬರೂ ಇಲ್ಲೇ ಇರ್ತೀವಿ ಬಿಡ್ರೇ ಅಂತ ಬಾಸಿಂಗ ಕಟ್ಟಿಕೊಂಡೇ ಬೇವಿನ ಮರದ ಕೆಳಗೆ ಹೋಗಿ ಕೂತುಬಿಟ್ಟನಂತೆ. ಕೊನೆಗೆ ಅತ್ತೆಯೇ ಬಂದು, ಮದುಮಕ್ಕಳು ಬೀದೀಲಿ ಕೂತರೆ ಮನೆಗೆ ಶೋಭೆಯೇನೋ, ಒಳಗೆ ಬನ್ನಿ ಅಂತ ಕರೆದಳಂತೆ.

ಎರಡನೇ ಸಲ ಪಂಚಮಿ ಹಬ್ಬದಲ್ಲಿ. ಜೋಕಾಲಿ ಮೇಲೆ ಕೂರಿಸಿ, ಹೆಸರು ಹೇಳೋತನಕ ಇಳಿಸಲ್ಲ ಅಂತ ಹುಡುಗಿಯರು ಜೀಕಿದರು ಜೀಕಿದರು, ಪಾಲವ್ವನಿಗೆ ತಲೆ ಗಿರ್ರ್ ಅಂತು, ಹೆಸರು ಮಾತ್ರ ಬರಲಿಲ್ಲ. ಸೂರನಾಯಕ ಓಡಿಬಂದು ಹಗ್ಗ ಹಿಡಿದು ನಿಲ್ಲಿಸಿದ. ಆಮೇಲೆ ಇಬ್ಬರೇ ಇದ್ದಾಗ ಪಾಲವ್ವ ಅಳ್ತಾ, ನಮ್ಮ ಮನೇಲಿ ನಿಮ್ಮ ಹೆಸರು ಏನಕ್ಕೆ ಹೇಳ್ತಿದ್ರು ಗೊತ್ತಾ ಅಂತ ಎಲ್ಲಾ ಹೇಳಿಬಿಟ್ಟಳಂತೆ. ಅವನು ಸಿಟ್ಟಾಗಲಿಲ್ಲ. ಇಲ್ಲೂ ನಿಮ್ಮ ತಾತನ ಹೆಸರು ಹೇಳೇ ನಾಯಿ ಓಡಿಸ್ತಿದ್ವಿ ಪಾಲೀ ಅಂದ. ಅಳ್ತಿದ್ದವಳು ಕಿಸಕ್ಕಂತ ನಕ್ಕುಬಿಟ್ಟಳು. ಅವತ್ತಿಂದ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಊಟ ಸೇರ್ತಿರಲಿಲ್ಲವಂತೆ.

ಆಮೇಲೆ ಪಾಲವ್ವ ಬಸುರಿ ಆದಳು. ತಿಂದದ್ದು ಒಂದೂ ನಿಲ್ಲವಲ್ಲದು, ಮುಖ ಬಿಳಿಚಿಕೊಂಡುಹೋಯ್ತು. ಏನು ತಿಂತೀಯೇ ಅಂತ ಗಂಡ ಕೇಳಿದರೆ, ನಮ್ಮ ಗುಡ್ಡದ ಕವಳೆಹಣ್ಣು ಅಂದಳಂತೆ. ಬಸುರಿ ಬಯಕೆ, ಏನೋ ಬಾಯಿಗೆ ಬಂದದ್ದು ಅಂದಳು, ಅಷ್ಟೇ. ಸೂರನಾಯಕ ಯಾರಿಗೂ ಹೇಳಲಿಲ್ಲ, ಕತ್ತಿಯಿಲ್ಲ ಈಟಿಯಿಲ್ಲ, ಹೆಗಲ ಮೇಲೊಂದು ವಲ್ಲಿ ಹಾಕ್ಕೊಂಡು ನವಿಲುಗುಡ್ಡ ಹತ್ತೇಬಿಟ್ಟ.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ನಗಾರಿ ಕೇಳಿಸ್ತು. ಪಾಲವ್ವನಿಗೆ ಆ ನಗಾರಿ ಗೊತ್ತಿಲ್ಲವಾ, ಹುಟ್ಟಿದಾರಭ್ಯ ಕೇಳಿದ್ದು, ಹಗೆ ಬಂದ ಅನ್ನೋ ನಗಾರಿ. ಗಂಡ ಎಲ್ಲಿ ಅಂತ ನೋಡಿದರೆ ಇಲ್ಲ. ಓಡಿದಳು ಕೂಸೇ, ಬಸುರಿ ಹೆಂಗಸು, ಹಳ್ಳ ದಾಟಿ ಬಯಲು ದಾಟಿ ಓಡಿದಳು. ನೋಡ್ತಾಳೆ, ಮೇಲೆ ಬಂಡೆ ಮೇಲೆ ಅಣ್ಣ ಬೊಮ್ಮ ಈಟಿ ಎತ್ತಿ ನಿಂತಿದಾನೆ, ಕೆಳಗೆ ಮುಳ್ಳಿನ ಪೊದೆಯೊಳಗೆ ಬೆನ್ನು ಹಾಕಿಕೊಂಡು ಅವಳ ಗಂಡ ನಗಾರಿಗೂ ಜಗ್ಗದೆ ಹಣ್ಣು ಬಿಡಿಸ್ತಿದಾನೆ. ರೀ ಅಂದಳು, ಗಾಳಿಗೆ ಕೇಳಲಿಲ್ಲ. ಇನ್ನೊಂದು ಸಲ ರೀ ಅಂದಳು, ಅವನು ತಿರುಗಲಿಲ್ಲ. ಮೂರನೇ ಸಲಕ್ಕೆ ಹೊಟ್ಟೆಯೊಳಗಿಂದ ಸೂರಾ ಅಂತ ಕೂಗಿದಳಂತೆ, ನನ್ನ ಸೂರನಾಯಕಾ ಅಂತ ಗುಡ್ಡಕ್ಕೆ ಗುಡ್ಡವೇ ಮರುದನಿ ಕೊಡೋ ಹಾಗೆ.

ಅವನು ಚಂಗನೆ ತಿರುಗಿದ. ಬೊಮ್ಮ ಬಿಟ್ಟ ಈಟಿ ಅವನ ಪಕ್ಕೆ ಸವರಿಕೊಂಡು ಪೊದೆಯೊಳಗೆ ನಾಟಿತು.

ಬೊಮ್ಮ ದಡದಡ ಇಳಿದುಬಂದ. ತಂಗಿ ಗಂಡನ ಮುಂದೆ ಅಡ್ಡ ನಿಂತು ಏದುಸಿರು ಬಿಡ್ತಿದಾಳೆ. ಇನ್ನೊಂದು ಈಟಿ ಇದ್ದರೆ ಮೊದಲು ನನಗೆ ಹಾಕು ಅಣ್ಣಾ ಅಂದಳು. ಬೊಮ್ಮನ ಕಣ್ಣು ತಂಗಿಯ ಹೊಟ್ಟೆ ಮೇಲೆ ಹೋಯ್ತು, ಆಮೇಲೆ ಸೂರನ ವಲ್ಲಿ ಮೇಲೆ ಹೋಯ್ತು. ವಲ್ಲಿ ತುಂಬಾ ಕರ್ರಗೆ ಕವಳೆಹಣ್ಣು, ಕೈ ತುಂಬಾ ಮುಳ್ಳು ಗೀರಿದ ರಕ್ತ.

ಇದಕ್ಕೆ ಬಂದೆಯಾ, ಬರಿಗೈಲಿ?

ಬಸುರಿ ಬಯಕೆ ಭಾವ, ನಾಳೆ ಅಂದರೆ ಕೇಳ್ತಾಳಾ?

ಬೊಮ್ಮ ಕೈಯೆತ್ತಿ ನಗಾರಿ ನಿಲ್ಲಿಸಿದ. ಈ ಕಡೆಯವು ಹುಳಿ ಕಣಯ್ಯಾ, ಸಿಹಿ ಗಿಡ ಆ ಬಂಡೆ ಹಿಂದೆ ಇದೆ, ಅವಳಿಗೆ ಗೊತ್ತು, ನಿನಗೆ ಹೇಳಿಲ್ಲ ನೋಡು ಅಂದ. ಅಂದು, ತಾನೇ ಮುಳ್ಳಿಗೆ ಕೈ ಹಾಕಿ ಬಿಡಿಸೋಕೆ ನಿಂತನಂತೆ.

ಅವತ್ತು ಆ ಕಟ್ಟು ಮುರೀತು, ದಾರಿ ತೆರೀತು. ಹೆರಿಗೆಗೆ ಬೊಮ್ಮನೇ ಬಂದು ತಂಗೀನ ಪಲ್ಲಕ್ಕೀಲಿ ತವರಿಗೆ ಕರಕೊಂಡುಹೋದ. ಸೊಸೆ ಬಿಟ್ಟು ಇರೋಕಾಗಲ್ಲ ಅಂತ ಅತ್ತೆಯೂ ಗಂಟು ಕಟ್ಟಿಕೊಂಡು ಹಿಂದೇನೇ ಬಂದಳಂತೆ. ಮುದ್ದಾದ ಹೆಣ್ಣುಮಗು ಹುಟ್ತು. ಮಗೂಗೆ ಹರಳೆಣ್ಣೆ ಹಚ್ಚಿ ನೀರು ಹಾಕಬೇಕು ಅಂತ ಈ ಬೀಗಿತ್ತಿ, ಕೊಬ್ಬರಿ ಎಣ್ಣೆಯೇ ಆಗಬೇಕು ಅಂತ ಆ ಬೀಗಿತ್ತಿ. ಎರಡು ಗುಡ್ಡಕ್ಕೂ ಆಮೇಲೆ ಉಳಿದದ್ದು ಅದೊಂದೇ ಜಗಳವಂತೆ. ಮಗು ಮಾತ್ರ ಎರಡೂ ಎಣ್ಣೆ ಹಚ್ಚಿಸಿಕೊಂಡು, ಬಿಸಿನೀರು ಹುಯ್ಯಿಸಿಕೊಂಡು, ಗಡದ್ದಾಗಿ ನಿದ್ದೆ ಹೋಯ್ತಂತೆ.

ಅಲ್ಲಿಗೆ ಅವರ ಹಗೆಯೂ ಮುಗೀತು, ನನ್ನ ಕತೆಯೂ ಮುಗೀತು. ಮಲಗು ನನ್ನಪ್ಪಾ.