ತಗಡಿನ ಅಡಿಯ ಪಸೆ

ನದಿಯ ಮೇಲೆ ಮಂಜು ಕೂತರೆ ಮುಪ್ಪಿನಯ್ಯನವರ ಆಶ್ರಮಕ್ಕೆ ಆಚೆ ದಡವೇ ಇಲ್ಲದಂತಾಗುತ್ತಿತ್ತು. ದೋಣಿ ಬಿಳುಪಿನೊಳಗೆ ಕರಗಿಹೋಗುತ್ತಿತ್ತು. ಹುಟ್ಟಿನ ಸದ್ದಷ್ಟೇ ಉಳಿಯುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಶಿಷ್ಯ ಸಂಗನಾಥ ದೋಣಿಯೊಳಗೆ ಕೂತು, ತಳದ ಬಿರುಕಿಗೆ ತಾಮ್ರದ ತಗಡು ಅಂಟಿಸಿದ. ತಗಡನ್ನು ಬಟ್ಟೆಯಿಂದ ಒರೆಸಿ, ಕರಗಿಸಿದ ರಾಳ ಮೆತ್ತಿ ಒತ್ತಿದ. ಆರಿದ ಮೇಲೆ ಎರಡೂ ಕೈಯಿಂದ ಎಳೆದು ನೋಡಿದ. ಕದಲಲಿಲ್ಲ.

“ಗುರುಗಳೇ, ಇನ್ನು ಇದು ಬಿಡುವುದಿಲ್ಲ.”

ಗುರುಗಳು ತಗಡಿನ ಮೇಲೆ ಬೆರಳಾಡಿಸಿದರು. “ಇವತ್ತು ಬಿಡುವುದಿಲ್ಲ. ಆಗಾಗ ನೋಡುತ್ತಿರು.”

ಸಂಗನಾಥ ನೋಡಲಿಲ್ಲ. ಗಟ್ಟಿಯಾಗಿರುವುದನ್ನು ನೋಡುವುದೇನು?

ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ಹೊಳೆ ತುಂಬಿದ ಕಾಲಕ್ಕೆ ಆಶ್ರಮದ ಪಕ್ಕದ ಹಳ್ಳಿಯ ನೀಲವ್ವನಿಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿ ಆಚೆ ದಡದಲ್ಲಿದ್ದಳು. ಗುರುಶಿಷ್ಯರು ನೀಲವ್ವನನ್ನು ದೋಣಿಯಲ್ಲಿ ಮಲಗಿಸಿಕೊಂಡು ಹೊರಟರು.

ನಡುಹೊಳೆಯಲ್ಲಿ ತಗಡು ಸದ್ದಿಲ್ಲದೆ ಎದ್ದು ಬಂತು. ನೀರು ನುಗ್ಗಿತು.

“ಅಯ್ಯೋ, ನನ್ನ ಕೂಸು!” ಎಂದಳು ನೀಲವ್ವ.

ಗುರುಗಳು ಹೊದ್ದ ಶಾಲನ್ನು ಬಿರುಕಿಗೆ ತುರುಕಿ, ಅದರ ಮೇಲೆ ಮಂಡಿಯೂರಿ ಕೂತರು. “ಹೆದರಬೇಡ ತಾಯಿ. ಸಂಗನಾಥಾ, ಹುಟ್ಟು ಹಾಕು.”

ಸಂಗನಾಥ ಅಳುತ್ತಲೇ ಹುಟ್ಟು ಹಾಕಿದ.

ದಡ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿಯ ಮನೆಯಿಂದ ಮಗುವಿನ ಅಳು ಕೇಳಿಸಿತು. ಸಂಗನಾಥ ದೋಣಿಯ ಬಳಿ ಬಂದು, ಕಿತ್ತುಬಂದ ತಗಡನ್ನು ಎತ್ತಿ ಗುರುಗಳ ಕೈಗೆ ಕೊಟ್ಟ.

“ಹೊಳೆಯ ಸೆಳೆತ ಕಿತ್ತುಹಾಕಿತು, ಗುರುಗಳೇ.”

ಗುರುಗಳು ತಗಡನ್ನು ಮಗುಚಿದರು. ಅಡಿಯೆಲ್ಲ ಹಸಿರು ಕಿಲುಬು.

“ರಾಳ ಮುರಿದಿಲ್ಲ, ನೋಡು. ಮರವನ್ನು ಹಿಡಿದುಕೊಂಡೇ ಇದೆ. ಬಿಟ್ಟದ್ದು ತಾಮ್ರವನ್ನು. ಈ ಕಿಲುಬು ಇವತ್ತಿನದೇ?”

“ಒರೆಸಿಯೇ ಅಂಟಿಸಿದ್ದೆನಲ್ಲ!”

ಗುರುಗಳು ಸೂಲಗಿತ್ತಿಯ ಒಲೆಯಿಂದ ಕೆಂಡ ತರಿಸಿದರು. ಸಂಗನಾಥ ತಗಡನ್ನು ಮರಳಿನಿಂದ ಉಜ್ಜಿ, ತೊಳೆದು, ಒರೆಸಿದ.

“ಒಣಗಿದೆಯೇ?”

“ಒಣಗಿದೆ.”

ಗುರುಗಳು ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಚಾಚಿದರು. ಒಣಗಿದ್ದ ತಾಮ್ರದಿಂದ ನೂಲಿನಷ್ಟು ತೆಳ್ಳಗೆ ಹಬೆ ಎದ್ದು, ಹೊಳೆಯ ಮೇಲಿನ ಮಳೆಮಂಜಿನೊಳಗೆ ಸೇರಿಹೋಯಿತು.

ಸಂಗನಾಥ ಅದು ಹೋದ ದಿಕ್ಕನ್ನು ನೋಡಿದ.

“ಹಾಗಾದರೆ ನಾನು ರಾಳ ಮೆತ್ತಿದ್ದು ನೀರಿನ ಮೇಲೆ.”

ಗುರುಗಳು ಇಕ್ಕಳವನ್ನು ಅವನ ಕೈಗೆ ಕೊಟ್ಟರು.

“ಎಷ್ಟು ಹೊತ್ತು ಕಾಯಬೇಕು, ಗುರುಗಳೇ?”

“ತಗಡು ಕಾಯುವಷ್ಟು ಹೊತ್ತು ನೀನೂ ಕಾಯಿ.”